ಸೋಲಾರ್ ಓವರ್‌ಲೋಡ್: ಪುಣೆ, ಮುಂಬೈ, ಗೋವಾದ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಪುಣೆಯಲ್ಲಿ ಸೋಲಾರ್ ಕೂರಿಸುವ ಕೆಲಸದಲ್ಲಿದ್ದರೆ ಇಲ್ಲಿನ ಕನ್ನಡದ ಮನೆಗಳಿಂದ, ಮುಂಬೈ ಮತ್ತು ಗೋವಾದ ಪರಿಚಯಸ್ಥರಿಂದ ಒಂದೇ ಬಗೆಯ ಫೋನು ಬರುತ್ತಿರುತ್ತದೆ: "ಸೋಲಾರ್ ಓವರ್‌ಲೋಡ್ ಆಗಿದೆ, ಏನು ಮಾಡೋದು?" ಹೋಗಿ ನೋಡಿದರೆ ಒಬ್ಬರ ಮನೆಯಲ್ಲಿ ಬ್ಯಾಟರಿ ಕೈಕೊಟ್ಟಿರುತ್ತದೆ, ಇನ್ನೊಬ್ಬರಲ್ಲಿ ಕನೆಕ್ಟರ್ ಕರಗಿರುತ್ತದೆ, ಮತ್ತೊಬ್ಬರಲ್ಲಿ ಕೆಟ್ಟಿದ್ದು ಏನೂ ಇರುವುದಿಲ್ಲ. ಹಾಗಾಗಿ ಯಾವುದರ ಮಿತಿ ದಾಟಿದೆ ಎಂದು ಮೊದಲು ಪತ್ತೆ ಹಚ್ಚಬೇಕು. ಕೆಳಗಿನ ಉತ್ತರಗಳೆಲ್ಲ ಆ ಹುಡುಕಾಟದವೇ.

ಮನೆಯಲ್ಲಿ ಜಾಸ್ತಿ ಲೋಡ್ ಹಾಕಿದರೆ ಪ್ಯಾನೆಲ್ ಸುಟ್ಟುಹೋಗುತ್ತದೆಯೇ?

ಇಲ್ಲ. ಬಾವಿಗೆ ಎಷ್ಟು ದೊಡ್ಡ ಪಂಪ್ ಇಳಿಸಿದರೂ ಒರತೆ ಕೊಟ್ಟಷ್ಟೇ ನೀರು. ಪ್ಯಾನೆಲ್ಲಿನ ಕಥೆಯೂ ಅದೇ. ಈಗ ಎಲ್ಲ ಕಡೆ ಸಿಗುವ 540 ವ್ಯಾಟ್ ಪ್ಯಾನೆಲ್ ಒಳ್ಳೆಯ ಬಿಸಿಲಿನಲ್ಲಿ ಕೆಲಸ ಮಾಡುವಾಗ ಸುಮಾರು 13 ಆಂಪ್ ಕೊಡುತ್ತದೆ. ಅದರ ಎರಡು ವೈರ್ ತುದಿಗಳನ್ನು ನೇರವಾಗಿ ಜೋಡಿಸಿ ಶಾರ್ಟ್ ಮಾಡಿದರೂ 14 ಆಂಪ್ ಮುಟ್ಟುವುದು ಕಷ್ಟ. ಅಂದಮೇಲೆ ನಿಮ್ಮ ಗೀಸರ್ ಅದರಿಂದ ಹೆಚ್ಚು ಎಳೆಯಲು ಸಾಧ್ಯವೇ ಇಲ್ಲ. ಎಳೆಯಲು ಹೋದರೆ ವೋಲ್ಟೇಜ್ ಕುಸಿಯುತ್ತದೆ, ಪ್ಯಾನೆಲ್ಲಿನ ಕರೆಂಟನ್ನು ಮನೆಗೆ ಹೊಂದುವಂತೆ ಬದಲಿಸುವ ಇನ್ವರ್ಟರ್ ಕೈಚೆಲ್ಲಿ ಬಂದ್ ಆಗುತ್ತದೆ, ಪ್ಯಾನೆಲ್ ತನ್ನ ಪಾಡಿಗೆ ಬಿಸಿಲು ಕಾಯುತ್ತಿರುತ್ತದೆ.

ಪೆಟ್ಟು ಬೀಳುವುದು ಪ್ಯಾನೆಲ್ಲಿನ ಆಚೆಗಿನವಕ್ಕೆ: ಇನ್ವರ್ಟರ್, ಬ್ಯಾಟರಿ, ವೈರ್, ಕನೆಕ್ಟರ್, ಕೆಲವೊಮ್ಮೆ ಛಾವಣಿಗೆ. ಈ ಉತ್ತರಕ್ಕೆ ಒಂದು ಮುಖ್ಯ ಅಪವಾದವಿದೆ. ಅದು ಕೆಳಗೆ ಪಾರಿವಾಳದ ಪ್ರಶ್ನೆಯಲ್ಲಿ ಬರುತ್ತದೆ.

ನಮ್ಮದು 3 ಕಿಲೋವ್ಯಾಟ್. ಎಸಿ, ಗೀಸರ್, ಇಂಡಕ್ಷನ್ ಒಟ್ಟಿಗೆ ಹಾಕಬಹುದೇ?

ನಿಮ್ಮದು ಯಾವ ಬಗೆಯ ಸೋಲಾರ್ ಎಂಬುದರ ಮೇಲೆ ಉತ್ತರ ನಿಂತಿದೆ.

ಬ್ಯಾಟರಿ ಇಲ್ಲದ, ಕಂಬದ ಕರೆಂಟಿಗೆ ಅಂದರೆ ಗ್ರಿಡ್‌ಗೆ ಜೋಡಿಸಿದ, ಬಂದ ಮತ್ತು ಕೊಟ್ಟ ಕರೆಂಟ್ ಎರಡನ್ನೂ ಅಳೆಯುವ ನೆಟ್ ಮೀಟರ್ ಇರುವ ಆನ್‌ಗ್ರಿಡ್ ಸೋಲಾರ್ ಆದರೆ ಧಾರಾಳವಾಗಿ ಹಾಕಿ. ಸೋಲಾರ್ 2 ಕಿಲೋವ್ಯಾಟ್ ಕೊಡುತ್ತಿದ್ದು ಮನೆಗೆ 5 ಬೇಕಾದರೆ ಉಳಿದ 3 ಕಂಬದಿಂದ ಬರುತ್ತದೆ. ಇನ್ವರ್ಟರ್‌ಗೆ ಇದರ ಬಿಸಿಯೇ ತಟ್ಟುವುದಿಲ್ಲ. ನೋಡಬೇಕಾದದ್ದು ಮೀಟರಿನ ಮಿತಿ. ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಬಿಲ್ಲಿನಲ್ಲಿ ಮರಾಠಿಯಲ್ಲಿ 'ಮಂಜೂರ್ ಭಾರ್' (ಮಂಜೂರಾದ ಲೋಡ್) ಎಂದು ಬರೆದಿರುತ್ತದಲ್ಲ, ಅದು.

ಬ್ಯಾಟರಿ ಇರುವ ಆಫ್‌ಗ್ರಿಡ್ ಅಥವಾ ಬ್ಯಾಟರಿ, ಗ್ರಿಡ್ ಎರಡೂ ಇರುವ ಹೈಬ್ರಿಡ್ ಆದರೆ, ಕರೆಂಟ್ ಇಲ್ಲದ ಹೊತ್ತಿನಲ್ಲಿ ಇಡೀ ಮನೆಯ ಭಾರ ಇನ್ವರ್ಟರ್ ತಲೆಯ ಮೇಲೆ. ಬೆಳಗಿನ ಏಳೂವರೆಯ ಅಡುಗೆಮನೆಯನ್ನು ನೆನೆಸಿಕೊಳ್ಳಿ. ಗೀಸರ್ 2000 ವ್ಯಾಟ್, ಇಂಡಕ್ಷನ್ 1800, ಚಟ್ನಿಗೆ ಮಿಕ್ಸರ್ 750. ಫ್ರಿಜ್ಜು, ಫ್ಯಾನು ಸೇರಿಸುವ ಮೊದಲೇ 4550 ಆಯಿತು. ಹೊತ್ತು ಕೂಡ ನೋಡಿ: ಅಷ್ಟು ಬೆಳಿಗ್ಗೆ ಪ್ಯಾನೆಲ್ಲಿನಿಂದ ಬರುವುದು ಅಷ್ಟಕ್ಕಷ್ಟೇ. ಹಾಗಾಗಿ ಅದೆಲ್ಲವನ್ನೂ ಬ್ಯಾಟರಿಯೇ ಹೊರಬೇಕು.

ಪೆಟ್ಟಿಗೆಯ ಮೇಲಿನ ಅಂಕಿಯಲ್ಲೂ ಒಂದು ಮೋಸ ಅಡಗಿದೆ. '3 ಕೆವಿಎ' ಎಂದು ಬರೆದದ್ದು 3 ಕಿಲೋವ್ಯಾಟ್ ಅಲ್ಲ. ಪವರ್ ಫ್ಯಾಕ್ಟರ್ (ಕೆವಿಎಯಲ್ಲಿ ಎಷ್ಟು ಪಾಲು ಕಿಲೋವ್ಯಾಟ್ ಆಗಿ ಸಿಗುತ್ತದೆ ಎಂಬ ಅಂಕಿ) 0.8 ಇರುವ ಇನ್ವರ್ಟರ್ ಆದರೆ ಅದರಿಂದ ಸಿಗುವುದು 2.4 ಕಿಲೋವ್ಯಾಟ್ ಮಾತ್ರ. ಅಂಗಡಿಯಲ್ಲಿ ವ್ಯಾಟ್ ಎಷ್ಟು ಎಂದೇ ಕೇಳಿ.

ನನ್ನ ಸಲಹೆ ಇಷ್ಟೇ: ಗೀಸರ್, ಇಂಡಕ್ಷನ್, ಇಸ್ತ್ರಿಪೆಟ್ಟಿಗೆ, ಅಂದರೆ ಕಾಯಿಸುವ ಯಾವುದನ್ನೂ ಇನ್ವರ್ಟರ್ ಲೈನಿಗೆ ಕೊಡಬೇಡಿ. ಅವಕ್ಕೆ ಬೇರೆ ಲೈನ್ ಎಳೆಸಿ, ಕಂಬದ ಕರೆಂಟಿನ ಮೇಲೆಯೇ ಬಿಡಿ.

ಪಂಪ್ 1 ಎಚ್‌ಪಿ, ಇನ್ವರ್ಟರ್ 2 ಕಿಲೋವ್ಯಾಟ್. ಆದರೂ ಟ್ರಿಪ್ ಆಗುವುದೇಕೆ?

1 ಎಚ್‌ಪಿ ಎಂದರೆ 746 ವ್ಯಾಟ್, ನಿಜ. ಆದರೆ ಅದು ತಿರುಗಲು ಶುರುವಾದ ಮೇಲಿನ ಲೆಕ್ಕ. ನಿಂತ ಮೋಟರು ಏಳುವ ಕ್ಷಣದಲ್ಲಿ ಮಾಮೂಲಿಗಿಂತ ಐದಾರು ಪಟ್ಟು ಆಂಪ್ ಎಳೆಯುತ್ತದೆ. ಕಾಲು ಸೆಕೆಂಡಿನ ಮಾತಾದರೂ ಇನ್ವರ್ಟರ್‌ಗೆ ಅದು ಓವರ್‌ಲೋಡೇ. ಮುಂಬೈಯ ಉಡುಪಿ ಹೋಟೆಲಿನವರು ಇಡ್ಲಿ ಹಿಟ್ಟಿನ ಗ್ರೈಂಡರ್ ಬಗ್ಗೆ ಇದೇ ದೂರು ಹೇಳುತ್ತಾರೆ. ಅಲ್ಲಿ ಇನ್ನೂ ಕಷ್ಟ, ಏಕೆಂದರೆ ಅಕ್ಕಿ ತುಂಬಿದ ಮೇಲೆ ಸ್ವಿಚ್ ಒತ್ತುತ್ತಾರೆ. ಖಾಲಿ ತಿರುಗಲು ಬಿಟ್ಟು ಆಮೇಲೆ ಅಕ್ಕಿ ಸುರಿದರೆ ಅರ್ಧ ತೊಂದರೆ ಇಳಿಯುತ್ತದೆ. ಪಂಪಿಗಾದರೆ ಮೋಟರನ್ನು ನಿಧಾನವಾಗಿ ಎಬ್ಬಿಸುವ ಸಾಫ್ಟ್ ಸ್ಟಾರ್ಟರ್ ಅಥವಾ ವಿಎಫ್‌ಡಿ ಹಾಕಿಸಿ. ದೊಡ್ಡ ಇನ್ವರ್ಟರ್ ಕೊಳ್ಳುವುದಕ್ಕಿಂತ ಅದು ಅಗ್ಗ.

ಲೈಟ್ ಹೋದಾಗ ಸೋಲಾರ್‌ನೂ ಬಂದ್ ಆಗ್ತದ, ಬಿಸಿಲು ಇದ್ರೂ. ಓವರ್‌ಲೋಡ್ ಆಗಿ ಹಿಂಗ್ ಆಗ್ತದೇನ್ರಿ?

ಅಲ್ಲರಿ. ಆನ್‌ಗ್ರಿಡ್ ಇನ್ವರ್ಟರ್ ಹಾಗೆ ಬಂದ್ ಆಗಲೇಬೇಕು. ಇಲ್ಲದಿದ್ದರೆ ಕಂಬದ ಮೇಲೆ ದುರಸ್ತಿ ಮಾಡುವ ಲೈನ್‌ಮನ್‌ಗೆ ನಿಮ್ಮ ಮನೆಯ ಕರೆಂಟ್ ಹೊಡೆಯುತ್ತದೆ.

ಇನ್ವರ್ಟರ್‌ಗಿಂತ ಜಾಸ್ತಿ ಪ್ಯಾನೆಲ್ ಹಾಕಿದರೆ ಇನ್ವರ್ಟರ್ ಹಾಳಾಗುತ್ತದೆಯೇ?

ಸ್ವಲ್ಪ ಜಾಸ್ತಿ ಹಾಕುವುದು ತಪ್ಪಲ್ಲ, ಒಳ್ಳೆಯದೇ. ಪ್ಯಾನೆಲ್ಲಿನ ಮೇಲೆ ಬರೆದ 540 ವ್ಯಾಟ್ ಪ್ರಯೋಗಾಲಯದ ಮಾತು: ಚದರ ಮೀಟರಿಗೆ 1000 ವ್ಯಾಟ್ ಬೆಳಕು, ಕರೆಂಟ್ ಹುಟ್ಟಿಸುವ ಒಳಗಿನ ಸೆಲ್ಲುಗಳ ಉಷ್ಣತೆ 25 ಡಿಗ್ರಿ. ಪುಣೆಯ ಏಪ್ರಿಲ್ ಮಧ್ಯಾಹ್ನ ಸೆಲ್ 65 ಡಿಗ್ರಿಗೆ ಹೋಗಬಲ್ಲದು. ಪ್ರತಿ ಡಿಗ್ರಿಗೆ ಸುಮಾರು ಶೇ. 0.35 ಶಕ್ತಿ ಇಳಿಯುತ್ತದೆ ಎಂದು ಹಿಡಿದರೆ 40 ಡಿಗ್ರಿಗೆ ಶೇ. 14 ಹೋಯಿತು. ಏಳು ಪ್ಯಾನೆಲ್ ಸೇರಿ 3780 ವ್ಯಾಟ್ ಎಂದು ಕಾಗದ ಹೇಳಿದರೂ ಛಾವಣಿಯಲ್ಲಿ ಸಿಗುವುದು 3250ರ ಆಸುಪಾಸು. ಧೂಳು ಕೂತರೆ ಇನ್ನೂ ಕಡಿಮೆ. ಹಾಗಾಗಿ 3 ಕಿಲೋವ್ಯಾಟ್ ಇನ್ವರ್ಟರ್‌ಗೆ ಶೇ. 20ರಿಂದ 30 ಹೆಚ್ಚು ಪ್ಯಾನೆಲ್ ಕೊಡುವುದು ರೂಢಿಯಲ್ಲೇ ಇದೆ. ತಂಪು ಗಾಳಿ, ತಿಳಿ ಆಕಾಶ ಎರಡೂ ಕೂಡಿದ ದಿನ ಹೆಚ್ಚಾದದ್ದನ್ನು ಇನ್ವರ್ಟರ್ ತೆಗೆದುಕೊಳ್ಳುವುದಿಲ್ಲ ಅಷ್ಟೆ. ಆ್ಯಪಿನ ಗ್ರಾಫಿನಲ್ಲಿ ಮಧ್ಯಾಹ್ನದ ನೆತ್ತಿ ಚಪ್ಪಟೆಯಾಗಿ ಕಾಣುತ್ತದೆ. ಅದನ್ನು ನೋಡಿ ಗಾಬರಿಯಾಗಬೇಡಿ.

ಇನ್ವರ್ಟರ್ ಕೈಪಿಡಿಯಲ್ಲಿ ಎಷ್ಟು ವ್ಯಾಟ್ ಪ್ಯಾನೆಲ್ ತನಕ ಸರಿ ಎಂದು ಬರೆದಿರುತ್ತದೆ. ಅದನ್ನು ದಾಟಿದರೆ ಗ್ಯಾರಂಟಿ ಹೋಗಬಹುದು. ವ್ಯಾಟ್ ಹೆಚ್ಚಾದರೆ ಇನ್ವರ್ಟರ್ ಸಹಿಸಿಕೊಳ್ಳುತ್ತದೆ. ವೋಲ್ಟೇಜ್ ಹೆಚ್ಚಾದರೆ ಮಾತ್ರ ಸಹಿಸುವುದಿಲ್ಲ.

ವೋಲ್ಟೇಜ್ ಹೆಚ್ಚಾಗುವುದೆಂದರೆ? ಅದೂ ಓವರ್‌ಲೋಡೇ?

ಇದನ್ನು ನಿಧಾನವಾಗಿ ಓದಿ. ಇಡೀ ಪುಟದಲ್ಲಿ ದುಡ್ಡು ಹೆಚ್ಚು ಕಳೆಯುವ ಜಾಗ ಇದೇ.

ಪ್ಯಾನೆಲ್‌ಗಳನ್ನು ಸಾಲಾಗಿ ಒಂದರ ಬಾಲಕ್ಕೆ ಇನ್ನೊಂದನ್ನು ಜೋಡಿಸಿದಾಗ ವೋಲ್ಟೇಜ್ ಕೂಡುತ್ತಾ ಹೋಗುತ್ತದೆ. ಈ ಸಾಲಿಗೆ ಸ್ಟ್ರಿಂಗ್ ಎನ್ನುತ್ತೇವೆ. 540 ವ್ಯಾಟ್ ಪ್ಯಾನೆಲ್ಲಿಗೆ ಲೋಡ್ ಇಲ್ಲದಾಗ ಸುಮಾರು 49.5 ವೋಲ್ಟ್. ಹನ್ನೆರಡು ಜೋಡಿಸಿದರೆ 594. ಇನ್ವರ್ಟರ್ ಮಿತಿ 600 ವೋಲ್ಟ್ ಎಂದಿದ್ದರೆ, ಸರಿಯಾಗಿಯೇ ಹೊಂದಿತಲ್ಲ ಅನ್ನಿಸುತ್ತದೆ. ಹೊಂದಿಲ್ಲ. 594 ಎಂಬುದು 25 ಡಿಗ್ರಿಯ ಲೆಕ್ಕ, ಮತ್ತು ಪ್ಯಾನೆಲ್ ತಣ್ಣಗಾದಷ್ಟೂ ವೋಲ್ಟೇಜ್ ಏರುತ್ತದೆ, ಪ್ರತಿ ಡಿಗ್ರಿಗೆ ಸುಮಾರು ಶೇ. 0.27. ಪುಣೆಯಲ್ಲಿ ಡಿಸೆಂಬರ್, ಜನವರಿಯ ಬೆಳಿಗ್ಗೆ 10 ಡಿಗ್ರಿ ಅಪರೂಪವಲ್ಲ. 15 ಡಿಗ್ರಿ ಇಳಿದರೆ ಶೇ. 4ರಷ್ಟು ಏರಿ 618 ವೋಲ್ಟ್ ಆಗುತ್ತದೆ. ಸೂರ್ಯ ಹುಟ್ಟಿ, ಇನ್ವರ್ಟರ್ ಇನ್ನೂ ಕೆಲಸ ಶುರು ಮಾಡದ ಆ ಕೆಲವು ನಿಮಿಷಗಳಲ್ಲಿ ಅಷ್ಟೂ ವೋಲ್ಟೇಜ್ ಅದರ ಬಾಯಿಗೆ ಬಂದು ನಿಂತಿರುತ್ತದೆ. ಒಳಗಿನ ಕೆಪಾಸಿಟರ್, ಸ್ವಿಚಿಂಗ್ ಸೆಮಿಕಂಡಕ್ಟರ್ ಹೋಗುತ್ತವೆ. ಎಷ್ಟೋ ಇನ್ವರ್ಟರ್‌ಗಳು ಬಂದ ವೋಲ್ಟೇಜನ್ನು ಒಳಗೆ ದಾಖಲಿಸಿಕೊಳ್ಳುತ್ತವೆ, ಹಾಗಾಗಿ ಕಂಪನಿಯ ಜೊತೆ ವಾದಿಸಿಯೂ ಪ್ರಯೋಜನವಿಲ್ಲ.

ಮುಂಬೈಯಲ್ಲಿ ಅಷ್ಟು ಚಳಿ ಇಲ್ಲ ಎನ್ನುವವರಿಗೆ: 15 ಡಿಗ್ರಿಗೆ 610. ಗೋವಾದಲ್ಲಿ 20 ಡಿಗ್ರಿಗೆ 602. ಮೂರೂ ಕಡೆ ಗೆರೆ ದಾಟಿತು. ಹನ್ನೊಂದೇ ಪ್ಯಾನೆಲ್ ಹಾಕಿದ್ದರೆ ಪುಣೆಯ ಚಳಿಯಲ್ಲೂ 567ರ ಒಳಗೆ ನಿಲ್ಲುತ್ತಿತ್ತು. ನಿಮ್ಮ ಊರಿನ ಅತಿ ಕಡಿಮೆ ಉಷ್ಣತೆಗೆ ಸ್ಟ್ರಿಂಗ್ ವೋಲ್ಟೇಜ್ ಎಷ್ಟು ಎಂದು ಫಿಟ್ಟಿಂಗ್‌ನವರಿಂದ ಕಾಗದದ ಮೇಲೆ ಬರೆಸಿಕೊಳ್ಳಿ. ಬರೆದು ಕೊಡಲು ಬಾರದವರ ಕೈಗೆ ಛಾವಣಿ ಕೊಡಬೇಡಿ.

ಜಾಗ ಉಂಟು, ಇನ್ನೆರಡು ಪ್ಯಾನೆಲ್ ಸೇರಿಸಿದ್ರೆ ಆಗುದಿಲ್ವಾ ಮಾರಾಯ್ರೆ?

ಆಗ್ತದೆ, ಆದರೆ ಮೊದಲು ಮೇಲಿನ ಲೆಕ್ಕ. ಆಮೇಲೆ ಇನ್ನೂ ಮೂರು ವಿಷಯ.

ಹಳೆಯ 330 ವ್ಯಾಟ್ ಸಾಲಿಗೆ ಹೊಸ 540 ಜೋಡಿಸಿದರೆ ಇಡೀ ಸಾಲು ಹಳೆಯದರ ಆಂಪ್‌ಗೆ ಇಳಿಯುತ್ತದೆ. ಹೊಸದಕ್ಕೆ ಕೊಟ್ಟ ದುಡ್ಡಿನಲ್ಲಿ ಒಂದು ಪಾಲು ದಂಡ. ಇನ್ವರ್ಟರ್‌ನಲ್ಲಿ ಇನ್ನೊಂದು ಸಾಲನ್ನು ಬೇರೆಯಾಗಿ ನಡೆಸುವ ಎಂಪಿಪಿಟಿ ಕಿಂಡಿ ಖಾಲಿ ಇದ್ದರೆ ಹೊಸದನ್ನು ಅಲ್ಲಿ ಕೊಡಿ.

ಎರಡನೆಯದು ಫ್ಯೂಸ್. ಮೂರು ಅಥವಾ ಹೆಚ್ಚು ಸ್ಟ್ರಿಂಗ್‌ಗಳನ್ನು ಪ್ಯಾರಲಲ್ ಮಾಡಿದರೆ, ಅಂದರೆ ಅಕ್ಕಪಕ್ಕ ಇಟ್ಟು ಒಂದೇ ಕಡೆ ಕೂಡಿಸಿದರೆ, ಪ್ರತಿಯೊಂದಕ್ಕೂ ಫ್ಯೂಸ್ ಬೇಕೇ ಬೇಕು. ಒಂದರಲ್ಲಿ ಶಾರ್ಟ್ ಆದರೆ ಉಳಿದ ಎರಡರ ಕರೆಂಟ್ ಅದರೊಳಗೆ ಹಿಮ್ಮುಖವಾಗಿ ನುಗ್ಗುತ್ತದೆ. 14ರ ಎರಡರಷ್ಟು, 28 ಆಂಪ್. ಈ ಗಾತ್ರದ ಪ್ಯಾನೆಲ್ ಹಿಂಬದಿಯ ಚೀಟಿಯಲ್ಲಿ ಸಾಮಾನ್ಯವಾಗಿ ಬರೆದಿರುವ ಗರಿಷ್ಠ ಫ್ಯೂಸ್ 25 ಆಂಪ್, ಅಂದರೆ 28 ಆ ಮಿತಿಯನ್ನು ದಾಟಿತು.

ಮೂರನೆಯದು ಸರಕಾರಿ ಕಾಗದ. ಮಹಾರಾಷ್ಟ್ರದಲ್ಲಿ ನೆಟ್ ಮೀಟರಿಂಗ್ ಸೋಲಾರ್ ನಿಮ್ಮ ಮಂಜೂರಾದ ಲೋಡಿನ ಒಳಗಿರಬೇಕು. 2024ರ ಕೇಂದ್ರ ತಿದ್ದುಪಡಿ ನಿಯಮದಂತೆ 10 ಕಿಲೋವ್ಯಾಟ್ ತನಕದ ಅರ್ಜಿಗೆ ತಾಂತ್ರಿಕ ಪರಿಶೀಲನೆ ಬೇಡ, ತಕ್ಕಂತೆ ಲೋಡ್ ಏರಿಸುವುದೂ ವಿದ್ಯುತ್ ಕಂಪನಿಯದೇ ಕೆಲಸ. ಅಷ್ಟು ಸುಲಭ ಮಾಡಿಕೊಟ್ಟಿರುವಾಗ ಕದ್ದು ಸೇರಿಸುವುದರಲ್ಲಿ ಅರ್ಥವಿಲ್ಲ. ಸಬ್ಸಿಡಿಯ ಆಸೆಗೆ ಹೆಚ್ಚಿಸುವುದೂ ಬೇಡ: ಪಿಎಂ ಸೂರ್ಯ ಘರ್ ಯೋಜನೆಯಲ್ಲಿ ಮನೆಗೆ 1 ಕಿಲೋವ್ಯಾಟಿಗೆ 30,000, 2ಕ್ಕೆ 60,000, 3 ಮತ್ತು ಅದಕ್ಕೆ ಮೇಲೆ ಎಷ್ಟೇ ಇದ್ದರೂ 78,000 ರೂಪಾಯಿ.

ಬೆಂಕಿ ಹೊತ್ತಿಕೊಳ್ಳುವುದು ಎಲ್ಲಿಂದ?

ಹೆಚ್ಚಾಗಿ ಕನೆಕ್ಟರ್‌ನಿಂದ. ಪ್ಯಾನೆಲ್ ವೈರ್‌ಗಳನ್ನು ಜೋಡಿಸುವ ಈ ಕನೆಕ್ಟರ್‌ಗಳಿಗೆಲ್ಲ ಎಂಸಿ4 ಎಂದೇ ಹೆಸರಿದ್ದರೂ ಒಂದು ಕಂಪನಿಯ ಗಂಡು ತುದಿ ಇನ್ನೊಂದು ಕಂಪನಿಯ ಹೆಣ್ಣು ತುದಿಗೆ ಹೊಂದಿದಂತೆ ಕಾಣುತ್ತದೆ, ನಿಜಕ್ಕೂ ಹೊಂದುವುದಿಲ್ಲ. ಒಳಗೆ ಸಡಿಲ ಉಳಿದು ಬಿಸಿಯಾಗುತ್ತದೆ. ಕ್ರಿಂಪಿಂಗ್ ಇಕ್ಕಳವಿಲ್ಲದೆ ಹಲ್ಲಿನಿಂದಲೋ ಸಾದಾ ಇಕ್ಕಳದಿಂದಲೋ ಒತ್ತಿ ಕೂರಿಸುವವರಿದ್ದಾರೆ. ಬೇಸಿಗೆಯಲ್ಲಿ ದಿನಕ್ಕೆ ಏಳೆಂಟು ತಾಸು ಕರೆಂಟ್, ನೆತ್ತಿಯ ಬಿಸಿಲಿನಲ್ಲಿ 13 ಆಂಪ್ ತನಕ, ಹರಿಯುವ ಜಾಗ ಅದು. ಕೆಲವೇ ಋತುಗಳಲ್ಲಿ ಕಪ್ಪಾಗುತ್ತದೆ.

ಪ್ಯಾನೆಲ್ಲಿನಿಂದ ಬರುವುದು ಒಂದೇ ದಿಕ್ಕಿನ ಡಿಸಿ ಕರೆಂಟ್, ಕಂಬದಿಂದ ಬರುವುದು ದಿಕ್ಕು ಬದಲಿಸುತ್ತಿರುವ ಎಸಿ ಕರೆಂಟ್. ಡಿಸಿ ಕಿಡಿ ಎಸಿ ಕಿಡಿಯಂತಲ್ಲ. ಮನೆಯ ಎಸಿ ಕರೆಂಟ್ ಸೆಕೆಂಡಿಗೆ ನೂರು ಸಲ ಸೊನ್ನೆಗೆ ಬಂದು ಹೋಗುವುದರಿಂದ ಕಿಡಿ ತಾನಾಗಿ ಆರುವ ಅವಕಾಶವಿದೆ. ಡಿಸಿಗೆ ಆ ಸೊನ್ನೆಯೇ ಇಲ್ಲ, ಹತ್ತಿದ ಕಿಡಿ ಹತ್ತಿಯೇ ಇರುತ್ತದೆ. ಹಾಗಾಗಿ ಡಿಸಿ ಕಡೆಗೆ ಅಡುಗೆಮನೆಯ ಎಂಸಿಬಿ (ಕರೆಂಟ್ ಹೆಚ್ಚಾದರೆ ತಾನೇ ಬೀಳುವ ಸ್ವಿಚ್) ತಂದು ಹಾಕಬಾರದು, ಡಿಸಿ ಎಂದು ಬರೆದದ್ದೇ ಬೇಕು. ವೈರ್ ಕೂಡ ಸೋಲಾರ್ ಡಿಸಿ ಕೇಬಲ್ಲೇ, ಸಾಮಾನ್ಯ ಮನೆಗೆ 4 ಚದರ ಮಿಲಿಮೀಟರಿನದು. ಪ್ಯಾನೆಲ್ಲಿನ ಶಾರ್ಟ್ ಸರ್ಕ್ಯೂಟ್ ಆಂಪ್‌ಗೆ ಕಾಲುಭಾಗ ಸೇರಿಸಿ ವೈರ್, ಫ್ಯೂಸ್ ಆರಿಸುವುದು ಕ್ರಮ. ಅದಕ್ಕೆ ಕಾರಣವೂ ಇದೆ. ಮಳೆಗಾಲದಲ್ಲಿ ಬಿಳಿ ಮೋಡದ ಅಂಚಿನಿಂದ ಸೂರ್ಯ ಇಣುಕಿದಾಗ ನೇರ ಬಿಸಿಲಿಗೆ ಮೋಡದ ಹೊಳಪೂ ಸೇರಿ, ಕೆಲ ನಿಮಿಷ ಪ್ಯಾನೆಲ್ ತನ್ನ ಚೀಟಿಗಿಂತ ಹೆಚ್ಚು ಆಂಪ್ ಕೊಡುತ್ತದೆ.

ಮನೆಯೊಳಗೆ ಎಂಸಿಬಿ ಪದೇ ಪದೇ ಬೀಳುತ್ತಿದ್ದರೆ "16 ಆಂಪ್ ತೆಗೆದು 32 ಹಾಕಿಬಿಡಿ" ಎನ್ನುವ ವೈರ್‌ಮನ್ ಸಿಗುತ್ತಾನೆ. ಅವನನ್ನು ಚಹಾ ಕುಡಿಸಿ ಕಳಿಸಿಬಿಡಿ. ಎಂಸಿಬಿ ಕಾಯುವುದು ಗೋಡೆಯೊಳಗಿನ ವೈರನ್ನು. ಅದೇ ತೆಳ್ಳನೆ ವೈರಿಟ್ಟು ಎಂಸಿಬಿ ದೊಡ್ಡದು ಮಾಡಿದರೆ ಮುಂದಿನ ಸಲ ಬೀಳುವ ಬದಲು ವೈರೇ ಸುಡುತ್ತದೆ. ಪುಣೆಯ ಪೇಠೆಗಳ ಹಳೆಯ ವಾಡೆಗಳಲ್ಲಿ, ಮುಂಬೈಯ ಚಾಳುಗಳಲ್ಲಿ ವೈರಿಂಗ್ ಎಷ್ಟು ಹಳತು ಎಂಬುದನ್ನು ನೋಡದೆ ಸೋಲಾರ್ ಮಾತೇ ಎತ್ತಬೇಡಿ.

ಬ್ಯಾಟರಿ ಎರಡೇ ವರ್ಷಕ್ಕೆ ಸತ್ತಿತು. ಓವರ್‌ಲೋಡೇ ಕಾರಣವೇ?

ಬಹುತೇಕ ಹೌದು. 12 ವೋಲ್ಟಿನ 150 ಆಂಪ್-ಅವರ್ ಬ್ಯಾಟರಿಯಲ್ಲಿ ಕಾಗದದ ಮೇಲೆ 1800 ವ್ಯಾಟ್-ಅವರ್ ಇದೆ. ಸೀಸ-ಆಮ್ಲದ ಬ್ಯಾಟರಿ ಬಾಳಬೇಕಾದರೆ ಅರ್ಧಕ್ಕಿಂತ ಕೆಳಗೆ ಇಳಿಸಬಾರದು, ಅಂದರೆ ಕೈಗೆ ಸಿಗುವುದು 900. ಮೂರು ಫ್ಯಾನು, ನಾಲ್ಕೈದು ಎಲ್‌ಇಡಿ ಬಲ್ಬು, ವೈಫೈ ಸೇರಿ 275 ವ್ಯಾಟ್ ಆದರೆ ಮೂರು ತಾಸಿನ ಹತ್ತಿರ. ಅದಕ್ಕೆ ರಾತ್ರಿಯಿಡೀ ಓಡು ಎಂದರೆ ಪಾಪ ಎಲ್ಲಿಂದ ಓಡುತ್ತದೆ? ಅದೇ ಬ್ಯಾಟರಿ ಮೇಲೆ 750 ವ್ಯಾಟ್ ಮಿಕ್ಸರ್ ತಿರುಗಿಸಿದರೆ 70 ಆಂಪ್‌ಗೂ ಹೆಚ್ಚು ಎಳೆತ, ವೋಲ್ಟೇಜ್ ಕುಸಿದು ಇನ್ವರ್ಟರ್ ಕೂಗುತ್ತದೆ. ಬ್ಯಾಟರಿ ಕೆಟ್ಟಿದೆ ಎಂದು ಆಗಲೇ ಬದಲಿಸಿದವರೂ ಇದ್ದಾರೆ.

ನಮ್ಮ ಕಡೆ ಇದಕ್ಕಿಂತ ದೊಡ್ಡ ಶತ್ರು ಮಳೆಗಾಲ. ಜೂನ್‌ನಿಂದ ಸೆಪ್ಟೆಂಬರ್ ತನಕ, ಮುಂಬೈ ಮತ್ತು ಗೋವಾದಲ್ಲಂತೂ, ದಿನಗಟ್ಟಲೆ ಬಿಸಿಲಿಲ್ಲ. ಲೋಡ್ ಬೇಸಿಗೆಯಷ್ಟೇ, ಚಾರ್ಜ್ ಮಾತ್ರ ಕಾಲುಭಾಗ. ಅರೆಹೊಟ್ಟೆಯಲ್ಲಿ ವಾರಗಟ್ಟಲೆ ಕೂತ ಸೀಸದ ಫಲಕಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಮತ್ತೆ ಕರಗುವುದಿಲ್ಲ. ಆ ನಾಲ್ಕು ತಿಂಗಳು ಇನ್ವರ್ಟರ್ ಸೆಟ್ಟಿಂಗನ್ನು ಸೋಲಾರ್ ಮೊದಲು ಎಂಬುದರಿಂದ ಗ್ರಿಡ್ ಮೊದಲು ಎಂಬುದಕ್ಕೆ ಬದಲಿಸಿ. ಬಿಲ್ ಸ್ವಲ್ಪ ಹೆಚ್ಚು ಬರುತ್ತದೆ, ಬರಲಿ. ಲಿಥಿಯಂ ಫಾಸ್ಫೇಟ್ ಬ್ಯಾಟರಿಯಲ್ಲಿ ಶೇ. 80ರಷ್ಟು ಬಳಸಬಹುದು, ಮಿತಿ ದಾಟಿದರೆ ಅದನ್ನು ಕಾಯುವ ಒಳಗಿನ ಸರ್ಕ್ಯೂಟ್, ಬಿಎಂಎಸ್, ತಾನೇ ಕಡಿತ ಮಾಡುತ್ತದೆ.

ಪಾರಿವಾಳದ ಹಿಕ್ಕೆಯಿಂದ ಪ್ಯಾನೆಲ್ ಸುಡುತ್ತದೆ ಎನ್ನುತ್ತಾರೆ, ನಿಜವೇ?

ನಿಜ. ಮೊದಲು ಹೇಳಿದ ಅಪವಾದ ಇದೇ. ಸಾಲಿನ ಎಲ್ಲ ಸೆಲ್‌ಗಳಲ್ಲೂ ಒಂದೇ ಕರೆಂಟ್ ಹರಿಯಬೇಕು. ಹಿಕ್ಕೆ ಮುಚ್ಚಿದ ಸೆಲ್ ಅಷ್ಟು ಹುಟ್ಟಿಸಲಾರದು. ಆಗ ಉಳಿದ ಸೆಲ್‌ಗಳು ತಮ್ಮ ಶಕ್ತಿಯನ್ನು ಅದರೊಳಗೆ ತುರುಕುತ್ತವೆ, ವಿದ್ಯುತ್ ಕೊಡಬೇಕಾದ ಸೆಲ್ಲೇ ಲೋಡ್ ಆಗಿ ಕಾಯುತ್ತದೆ. ಹಾಟ್‌ಸ್ಪಾಟ್ ಎನ್ನುವುದು ಇದಕ್ಕೆ. ಪ್ಯಾನೆಲ್ ಹಿಂದಿನ ಡಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ಬೈಪಾಸ್ ಡಯೋಡ್ ಇದ್ದು ಆ ಭಾಗವನ್ನು ದಾಟಿಸಿ ಕರೆಂಟ್ ಹರಿಸುತ್ತವೆ. ಆದರೆ ವರ್ಷಗಟ್ಟಲೆ ಅದೇ ನೆರಳು ಬಿದ್ದರೆ ಡಯೋಡೂ ಸೋಲುತ್ತದೆ.

ಮುಂಬೈಯಲ್ಲಿ ಪಾರಿವಾಳ, ಗೋವಾದಲ್ಲಿ ತೆಂಗಿನ ಗರಿ, ಪುಣೆಯಲ್ಲಿ ನೀರಿನ ಟ್ಯಾಂಕು ಮತ್ತು ಪಕ್ಕದಲ್ಲಿ ಹೊಸದಾಗಿ ಏಳುವ ಟವರ್. ಪ್ಯಾನೆಲ್ ಸುತ್ತ ಜಾಳಿಗೆ ಕಟ್ಟಿದರೆ ಪಾರಿವಾಳ ಅಡಿಯಲ್ಲಿ ಗೂಡು ಕಟ್ಟುವುದಿಲ್ಲ. ಮುಂಜಾನೆ ಅಥವಾ ಸಂಜೆ ತೊಳೆಯಿರಿ. ಕಾದ ಗಾಜಿನ ಮೇಲೆ ತಣ್ಣೀರು ಸುರಿದರೆ ಗಾಜು ಸೀಳಬಹುದು. ತೊಳೆಯುವಾಗ ಪ್ಯಾನೆಲ್ ಮೇಲೆ ಕಾಲಿಡುವುದಂತೂ ಬೇಡ. ಗಾಜು ಒಡೆಯದಿದ್ದರೂ ಒಳಗಿನ ಸೆಲ್‌ಗಳಲ್ಲಿ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಮುಂದೆ ಅಲ್ಲೇ ಹಾಟ್‌ಸ್ಪಾಟ್.

ಛಾವಣಿ ಈ ಭಾರ ತಡೆಯುತ್ತದೆಯೇ?

ತೂಕಕ್ಕಿಂತ ಗಾಳಿಗೆ ಹೆದರಿ. ಒಂದು ಪ್ಯಾನೆಲ್ 28 ಕಿಲೋ, ಸ್ಟ್ಯಾಂಡ್ ಸೇರಿ ಚದರ ಮೀಟರಿಗೆ 15ರಿಂದ 20 ಕಿಲೋ. ಓಡಾಡುವ ಟೆರೇಸನ್ನು ಚದರ ಮೀಟರಿಗೆ ಸುಮಾರು 150 ಕಿಲೋ ಹೊರುವಂತೆ ಕಟ್ಟುವುದು ಭಾರತೀಯ ಮಾನಕ. ಹಾಗಾಗಿ ಗಟ್ಟಿ ಸ್ಲ್ಯಾಬಿಗೆ ಇದು ಹೊರೆಯಲ್ಲ. ಗಾಳಿಯ ಲೆಕ್ಕ ಬೇರೆ. ಕಟ್ಟಡಗಳ ಮೇಲಿನ ಭಾರಗಳ ಭಾರತೀಯ ಮಾನಕವಾದ ಐಎಸ್ 875ರಲ್ಲಿ ಮುಂಬೈಗೆ ಮೂಲ ಗಾಳಿವೇಗ ಸೆಕೆಂಡಿಗೆ 44 ಮೀಟರ್, ಪುಣೆಗೂ ಪಣಜಿಗೂ 39. 44 ಎಂದರೆ ಗಂಟೆಗೆ 158 ಕಿಲೋಮೀಟರ್. ಆ ಗಾಳಿಯ ಒತ್ತಡ ಚದರ ಮೀಟರಿಗೆ ಸುಮಾರು 118 ಕಿಲೋ ಭಾರಕ್ಕೆ ಸಮ, ಎರಡೂವರೆ ಚದರ ಮೀಟರಿನ ಒಂದು ಪ್ಯಾನೆಲ್ಲಿಗೆ 300 ಕಿಲೋ. ಅದು ಅಡಿಯಿಂದ ಎತ್ತಿದರೆ 28 ಕಿಲೋ ಯಾವ ಲೆಕ್ಕ? 2020ರ ಜೂನಿನ ನಿಸರ್ಗ, 2021ರ ಮೇ ತಿಂಗಳ ತೌಕ್ತೆ ಎರಡೂ ಈ ಕರಾವಳಿ ಕಂಡ ಚಂಡಮಾರುತಗಳೇ.

ಗೋವಾದ ಮಂಗಳೂರು ಹಂಚಿನ ಮನೆಗಳಲ್ಲಿ ಹಂಚಿಗೆ ಕ್ಲ್ಯಾಂಪ್ ಹಾಕಬಾರದು, ಅಡಿಯ ಮರಕ್ಕೇ ಬಿಗಿಯಬೇಕು. ಕಡಲ ಉಪ್ಪುಗಾಳಿಗೆ ಬಣ್ಣ ಬಳಿದ ಕಬ್ಬಿಣ ಬೇಡ, ಹಾಟ್-ಡಿಪ್ ಗ್ಯಾಲ್ವನೈಸ್ ಮಾಡಿದ್ದು ಮತ್ತು ಸ್ಟೇನ್‌ಲೆಸ್ ಬೋಲ್ಟ್ ಬೇಕು. ಮುಂಬೈಯಲ್ಲಿ 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್ ಹೇಗೂ ಕಡ್ಡಾಯ. ಸೊಸೈಟಿ ಸಭೆಯಲ್ಲಿ ಸೋಲಾರ್ ವಿಷಯ ಎತ್ತುವ ಮೊದಲು ಆ ವರದಿ ಓದಿ.

ಮಧ್ಯಾಹ್ನ ಹನ್ನೆರಡರಿಂದ ಎರಡರ ತನಕ ಇನ್ವರ್ಟರ್ ಆಗಾಗ ಬಂದ್ ಆಗಿ ಶುರುವಾಗುತ್ತದೆ.

ಪರದೆಯಲ್ಲಿ ಗ್ರಿಡ್ ವೋಲ್ಟೇಜ್ ಹೆಚ್ಚು ಎಂದು ಬಂದರೆ ಅದು ನಿಮ್ಮ ಲೋಡಿನಿಂದಲ್ಲ. ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗಿನ ಹತ್ತಾರು ಮನೆಗಳು ಒಟ್ಟಿಗೆ ಕರೆಂಟ್ ಹೊರಕ್ಕೆ ತಳ್ಳಿದಾಗ ಬೀದಿಯ ವೋಲ್ಟೇಜೇ ಏರುತ್ತದೆ. ಇನ್ವರ್ಟರ್‌ನಿಂದ ಮೀಟರ್ ತನಕದ ವೈರ್ ತೆಳ್ಳಗೆ, ಉದ್ದ ಇದ್ದರೆ ಇನ್ನಷ್ಟು. ಆ ವೈರ್ ದಪ್ಪ ಮಾಡಿಸಿ, ಆಮೇಲೆ ಟ್ರಾನ್ಸ್‌ಫಾರ್ಮರ್ ಟ್ಯಾಪ್, ಅಂದರೆ ಅದರ ವೋಲ್ಟೇಜ್ ಹಂತ, ಇಳಿಸಲು ವಿದ್ಯುತ್ ಕಚೇರಿಗೆ ಅರ್ಜಿ ಕೊಡಿ. ಪರದೆಯಲ್ಲಿ ಉಷ್ಣತೆಯ ಸೂಚನೆ ಬಂದರೆ ಕಾರಣ ಬೇರೆ: ಇನ್ವರ್ಟರ್ ಪಶ್ಚಿಮದ ಗೋಡೆಯ ಬಿಸಿಲಿನಲ್ಲಿದೆ, ಅಥವಾ ಯಾರೋ ಚೆಂದ ಕಾಣಲೆಂದು ಅದಕ್ಕೆ ಕಪಾಟು ಮಾಡಿಸಿದ್ದಾರೆ.

ಇನ್ವರ್ಟರ್ ಈಗ ಓವರ್‌ಲೋಡ್ ಎಂದು ಕೂಗುತ್ತಿದೆ. ಈ ಕ್ಷಣ ಏನು ಮಾಡಲಿ?

ಕಾಯಿಸುವ ಯಂತ್ರಗಳನ್ನು ಮೊದಲು, ಮೋಟರುಗಳನ್ನು ಆಮೇಲೆ ಬಂದ್ ಮಾಡಿ. ಐದು ನಿಮಿಷ ಬಿಟ್ಟು ಇನ್ವರ್ಟರ್ ಶುರು ಮಾಡಿ, ಒಂದೊಂದೇ ಸ್ವಿಚ್ ಹಾಕುತ್ತಾ ಬನ್ನಿ. ಯಾವುದಕ್ಕೆ ಮತ್ತೆ ಕೂಗುತ್ತದೋ ಅದೇ ಕಾರಣ. ಏನೂ ಹಾಕದಿದ್ದರೂ ಕೂಗಿದರೆ ಪದೇ ಪದೇ ಶುರು ಮಾಡುವ ಹಟ ಬೇಡ. ಎಸಿ ಕಡೆಯ ಸ್ವಿಚ್ ಮೊದಲು, ಪ್ಯಾನೆಲ್ ಕಡೆಯ ಕರೆಂಟ್ ಕಡಿಯುವ ಸ್ವಿಚ್ ಆದ ಡಿಸಿ ಐಸೊಲೇಟರ್ ನಂತರ ಇಳಿಸಿ, ಫಿಟ್ಟಿಂಗ್‌ನವರನ್ನು ಕರೆಯಿರಿ. ಲೋಡ್ ಇರುವಾಗ ಎಂಸಿ4 ಕನೆಕ್ಟರನ್ನು ಕೈಯಿಂದ ಎಳೆದು ಬಿಚ್ಚಲು ಹೋಗಬೇಡಿ, ಕಿಡಿ ಮುಖಕ್ಕೇ ಬರುತ್ತದೆ.

ಸುಟ್ಟ ವಾಸನೆ ಬಂದರೆ, ಹೊಗೆ ಕಂಡರೆ ಮೇಲೆ ಹತ್ತಬೇಡಿ, ನೀರು ಎರಚಬೇಡಿ, 101ಕ್ಕೆ ಫೋನು ಮಾಡಿ. ಛಾವಣಿಯಲ್ಲಿ ಸೋಲಾರ್ ಇದೆ ಎಂದು ಅಗ್ನಿಶಾಮಕದವರಿಗೆ ಮೊದಲ ಮಾತಿನಲ್ಲೇ ಹೇಳಿ. ಎಲ್ಲ ಸ್ವಿಚ್ ಇಳಿಸಿದ್ದರೂ ಬೆಳಕಿರುವ ತನಕ ಪ್ಯಾನೆಲ್ಲಿನಿಂದ ಐಸೊಲೇಟರ್ ವರೆಗಿನ ವೈರಿನಲ್ಲಿ ನೂರಾರು ವೋಲ್ಟ್ ಇದ್ದೇ ಇರುತ್ತದೆ.